ಆಸ್ಪತ್ರೆ ಇದೆ, ಹೋಗುವುದು ಹೇಗೆ?



ಕಳೆದ ಮಳೆಗಾಲದ ಒಂದು ಸಂಗತಿಯಿಂದ ಈ ಸಲದ ಪಾಠ ಶುರು ಮಾಡುತ್ತೇವೆ. ಕೊಡಗಿನ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಸಭೆ ಮುಗಿಸಿಕೊಂಡು ಬರುತ್ತಿದ್ದೆವು. ದಾರಿ ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬ ಹಿರಿಯರು ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತಿಯಾದವರು. ಸಕ್ಕರೆ ಕಾಯಿಲೆ ಇದೆ. ಹೆಬ್ಬೆರಳಿನ ಗಾಯಕ್ಕೆ ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್ ಆಗಬೇಕಿತ್ತು.

"ಯಾಕಜ್ಜ, ಈ ವಾರ ಹೋಗಿಲ್ವಾ?" ಅಂತ ನಮ್ಮ ಕಾರ್ಯಕರ್ತೆ ಕೇಳಿದರು.

"ಕಾರ್ಡ್ ಇದೆಯಮ್ಮ, ಡಾಕ್ಟ್ರೂ ಇದ್ದಾರೆ, ಔಷಧಿನೂ ಕೊಡ್ತಾರೆ. ಬಸ್ಸು ನಿಲ್ಲೋ ಜಾಗದ ತನಕ ಎರಡು ಕಿಲೋಮೀಟ್ರು ನಡೀಬೇಕಲ್ಲ, ಈ ಕಾಲಲ್ಲಿ ಹ್ಯಾಗೆ ನಡೀಲಿ? ಆಟೋದವನು ಹೋಗಿ ಬರೋಕೆ ಎಂಟ್ನೂರು ಕೇಳ್ತಾನೆ. ವಾರಕ್ಕೆ ಎರಡು ಸಲ ಅಂದ್ರೆ ನೀನೇ ಲೆಕ್ಕ ಹಾಕು."

ಲೆಕ್ಕ ಹಾಕಿದೆವು. ವಾರಕ್ಕೆ 1,600 ರೂಪಾಯಿ, ನಾಲ್ಕು ವಾರಕ್ಕೆ 6,400 ರೂಪಾಯಿ. ಚಿಕಿತ್ಸೆಗೆ ಒಂದು ಪೈಸೆ ಇಲ್ಲ, ದಾರಿಗೆ ಇಷ್ಟು! ಮಗ ಬೆಂಗಳೂರಿನಲ್ಲಿ. ಅಜ್ಜ ಮೂರು ವಾರ ಹೋಗಿರಲಿಲ್ಲ. ಕೊನೆಗೆ ಹೋದಾಗ ಬೆರಳನ್ನೇ ತೆಗೆಯಬೇಕಾಯಿತು.

ನಮಗೆ ಇವತ್ತಿಗೂ ಚುಚ್ಚುವ ಮಾತು ಬೇರೆ. ಆ ಮೂರು ವಾರವೂ ನಮ್ಮ ಸಂಸ್ಥೆಯ ಜೀಪು ಮಂಗಳವಾರ ಮತ್ತು ಶುಕ್ರವಾರ ಅದೇ ರಸ್ತೆಯಲ್ಲಿ ಪೇಟೆಗೆ ಹೋಗಿ ಬಂದಿದೆ. ಹಿಂದಿನ ಸೀಟು ಖಾಲಿ. ಅವರು ಕೇಳಲಿಲ್ಲ, ಸೈನಿಕರಲ್ವಾ, ಕೇಳುವ ಅಭ್ಯಾಸ ಇಲ್ಲ. ನಾವೂ ವಿಚಾರಿಸಲಿಲ್ಲ.

ಅದಾದ ಮೇಲೆ ನಾವು ಕೂತು ಯೋಚಿಸಿದೆವು. ಚಿಕಿತ್ಸೆ ಉಚಿತವಾದರೂ ಆಸ್ಪತ್ರೆಗೆ ತಲುಪುವುದೇ ಕಷ್ಟವಾದಾಗ ಬೇರೆ ಕಡೆ ಜನ ಏನು ಮಾಡಿದ್ದಾರೆ? ಹುಡುಕಿದಾಗ ಅಮೆರಿಕದ ಮಾಜಿ ಸೈನಿಕರ ಕಥೆ ಸಿಕ್ಕಿತು. ಶ್ರೀಮಂತ ದೇಶ, ಅಲ್ಲಿ ಇಂಥ ತೊಂದರೆ ಎಲ್ಲಿ ಅಂತ ನಾವೂ ಅಂದುಕೊಂಡಿದ್ದೆವು. ಹಾಗಲ್ಲ. ಅಲ್ಲೂ ಇದೇ ಗೋಳು, ದೂರ ಮಾತ್ರ ಇನ್ನೂ ಜಾಸ್ತಿ.

ದೂರದ ಲೆಕ್ಕ

ಅಮೆರಿಕದಲ್ಲಿ ಮಾಜಿ ಸೈನಿಕರ ಯೋಗಕ್ಷೇಮಕ್ಕೆ ಒಂದು ಪ್ರತ್ಯೇಕ ಇಲಾಖೆಯೇ ಇದೆ. ವೆಟರನ್ಸ್ ಅಫೇರ್ಸ್ ಅಂತ ಹೆಸರು, ಜನ 'ವಿ.ಎ.' ಅನ್ನುತ್ತಾರೆ. ಸುಮಾರು 170 ದೊಡ್ಡ ಆಸ್ಪತ್ರೆಗಳು, ಸಾವಿರಕ್ಕೂ ಹೆಚ್ಚು ಸಣ್ಣ ಕ್ಲಿನಿಕ್ಕುಗಳು ಅದರ ಕೈಯಲ್ಲಿವೆ. ಚಿಕಿತ್ಸೆಗೆ ಹೆಸರು ಬರೆಸಿಕೊಂಡವರು ಸುಮಾರು 90 ಲಕ್ಷ ಮಂದಿ. ಕೇಳೋಕೆ ದೊಡ್ಡ ವ್ಯವಸ್ಥೆ. ಆದರೆ ದೇಶವೂ ದೊಡ್ಡದು. ಅಲ್ಲಿನ ಮಾಜಿ ಸೈನಿಕರಲ್ಲಿ ನಾಲ್ಕರಲ್ಲಿ ಒಬ್ಬರು ಹಳ್ಳಿಗಾಡಿನವರು.

ಒಂದು ಉದಾಹರಣೆ ನೋಡಿ. ಮೊಂಟಾನಾ ಅಂತ ಒಂದು ರಾಜ್ಯ. ವಿಸ್ತೀರ್ಣ ಸುಮಾರು 3.8 ಲಕ್ಷ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಎರಡರಷ್ಟು. ಜನಸಂಖ್ಯೆ 2020ರ ಗಣತಿಯಲ್ಲಿ 11 ಲಕ್ಷವೂ ತುಂಬಲಿಲ್ಲ. ಹೆಚ್ಚುಕಡಿಮೆ ಮೈಸೂರು ನಗರದಷ್ಟು ಜನವನ್ನು ಎರಡು ಕರ್ನಾಟಕದಷ್ಟು ಜಾಗದಲ್ಲಿ ಚೆಲ್ಲಿದ ಹಾಗೆ. ಆ ರಾಜ್ಯದ ಮುಖ್ಯ ವಿ.ಎ. ಆಸ್ಪತ್ರೆ ಇರುವುದು ರಾಜಧಾನಿ ಹೆಲೆನಾ ಹತ್ತಿರದ ಫೋರ್ಟ್ ಹ್ಯಾರಿಸನ್ ಎಂಬಲ್ಲಿ. ಪೂರ್ವದ ಅಂಚಿನ ಊರುಗಳಿಂದ ಅಲ್ಲಿಗೆ 600 ಕಿಲೋಮೀಟರಿಗೂ ಮೇಲೆ. ನಡುವೆ ಸಣ್ಣ ಕ್ಲಿನಿಕ್ಕುಗಳು ಇವೆ, ನಿಜ. ಆದರೆ ದೊಡ್ಡ ಪರೀಕ್ಷೆ, ಆಪರೇಷನ್ ಅಂದರೆ ಹೊರಡಲೇಬೇಕು. ಚಳಿಗಾಲದಲ್ಲಿ ರಸ್ತೆ ಮೇಲೆ ಹಿಮ. ಬಸ್ಸು ಅನ್ನುವುದು ನಮ್ಮಲ್ಲಿ ಇದ್ದ ಹಾಗೆ ಅಲ್ಲಿ ಇಲ್ಲ. ಕಾರು ಓಡಿಸಬಲ್ಲವನು ಹೋದ, ಓಡಿಸಲಾರದವನು ಮನೆಯಲ್ಲಿ ಉಳಿದ, ಅಷ್ಟೇ.

ಓಡಿಸಲಾರದವರು ಯಾರು? ಕಣ್ಣು ಮಂಜಾದವರು, ಕಾಲು ಕಳೆದುಕೊಂಡವರು, ಬೆನ್ನುಮೂಳೆಗೆ ಪೆಟ್ಟು ಬಿದ್ದವರು, ಡಯಾಲಿಸಿಸ್ ಮುಗಿದ ಮೇಲೆ ತಲೆ ಎತ್ತಲಾರದವರು, ಯುದ್ಧದ ನೆನಪಿನಿಂದ ರಸ್ತೆಯ ಸದ್ದಿಗೇ ಬೆಚ್ಚುವವರು. ಅಂದರೆ, ಆಸ್ಪತ್ರೆಗೆ ಯಾರು ಮುಖ್ಯವಾಗಿ ಹೋಗಬೇಕೋ ಅವರೇ.

ಮೈಲಿಗೆ ಇಷ್ಟು ಸೆಂಟು

ಅಲ್ಲಿನ ಸರಕಾರ ಮೊದಲಿನಿಂದಲೂ ಒಂದು ಪ್ರಯಾಣ ಭತ್ಯೆ ಇಟ್ಟಿದೆ. ಎಲ್ಲರಿಗೂ ಅಲ್ಲ. ಸೇವೆಯಲ್ಲಿ ಆದ ಅಂಗವೈಕಲ್ಯ ಶೇಕಡ 30 ಅಥವಾ ಅದಕ್ಕಿಂತ ಹೆಚ್ಚು ಇರುವವರು, ಸೇವೆಯಲ್ಲಿ ಬಂದ ಕಾಯಿಲೆಗೇ ಚಿಕಿತ್ಸೆಗೆ ಹೋಗುವವರು, ವಿ.ಎ. ಪಿಂಚಣಿದಾರರು, ಆದಾಯ ತೀರಾ ಕಡಿಮೆ ಇರುವವರು, ಹೀಗೆ ಕೆಲವು ವರ್ಗಗಳಿಗೆ. ಮೈಲಿಗೆ ಇಷ್ಟು ಅಂತ ಕೊಡುತ್ತಾರೆ. ಒಂದು ಮೈಲಿ ಅಂದರೆ ಸುಮಾರು 1.6 ಕಿಲೋಮೀಟರ್.

ಈ ದರದ ಕಥೆ ಸ್ವಲ್ಪ ಕೇಳಬೇಕು. 1970ರ ದಶಕದ ಕೊನೆಯಿಂದ 2008ರ ಆರಂಭದ ತನಕ ಅದು ಮೈಲಿಗೆ 11 ಸೆಂಟ್ ಆಗಿಯೇ ಉಳಿಯಿತು. ಸುಮಾರು 30 ವರ್ಷ! ಅಷ್ಟರಲ್ಲಿ ಪೆಟ್ರೋಲ್ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. 2008ರ ಫೆಬ್ರವರಿಯಲ್ಲಿ 28.5 ಸೆಂಟಿಗೆ ಏರಿತು, ಅದೇ ವರ್ಷ ನವೆಂಬರಿನಲ್ಲಿ 41.5 ಸೆಂಟ್ ಆಯಿತು. ಆಮೇಲೆ ಹದಿನೈದು ವರ್ಷ ಕಳೆದರೂ ಆ ದರ ಮತ್ತೆ ಏರಲಿಲ್ಲ.

ಲೆಕ್ಕ ಮಾಡಿ ನೋಡೋಣ. ಒಬ್ಬರ ಮನೆ ಆಸ್ಪತ್ರೆಯಿಂದ 120 ಮೈಲಿ. ಹೋಗಿ ಬರಲು 240 ಮೈಲಿ. 41.5 ಸೆಂಟಿನ ಲೆಕ್ಕದಲ್ಲಿ 99 ಡಾಲರ್ 60 ಸೆಂಟ್. ಅದರಲ್ಲಿ ಒಂದೊಂದು ದಾರಿಗೆ 3 ಡಾಲರ್ ಅವರೇ ಹೊರಬೇಕು, ಅಂದರೆ 6 ಡಾಲರ್ ಕಳೆದು 93 ಡಾಲರ್ 60 ಸೆಂಟ್ ಕೈಗೆ ಬರುತ್ತದೆ. ಪದೇ ಪದೇ ಹೋಗುವವರಿಗೆ ಈ ಕಡಿತ ತಿಂಗಳಿಗೆ 18 ಡಾಲರ್ ಮೀರಬಾರದು ಅಂತ ನಿಯಮ ಇದೆ. ಇದು ನಮಗೆ ಹಿಡಿಸಿತು, ಹೆಚ್ಚು ಕಾಯಿಲೆ ಇರುವವನಿಗೇ ಹೆಚ್ಚು ಹೊರೆ ಬೀಳಬಾರದು ಅಂತ ಯಾರೋ ಯೋಚಿಸಿದ್ದಾರೆ. ಅದೇ ದೂರಕ್ಕೆ ಹಳೆಯ 11 ಸೆಂಟಿನಲ್ಲಿ ಎಷ್ಟು? 26 ಡಾಲರ್ 40 ಸೆಂಟ್, ಕಡಿತಕ್ಕೆ ಮೊದಲೇ.

ಅರ್ಜಿಯನ್ನು ಪ್ರಯಾಣ ಆದ 30 ದಿನದ ಒಳಗೆ ಹಾಕಬೇಕು. ತಡವಾದರೆ ದುಡ್ಡು ಹೋಯಿತು.

ಆದರೆ ಭತ್ಯೆ ಎಷ್ಟೇ ಕೊಡಲಿ, ಒಂದು ಕೊರತೆ ಉಳಿಯುತ್ತದೆ. ಮೈಲಿಗೆ ದುಡ್ಡು ಕೊಟ್ಟರೆ ಕಾರು ಇದ್ದವನಿಗೆ ಉಪಯೋಗ. ಕಾರೇ ಇಲ್ಲದವನಿಗೆ, ಇದ್ದರೂ ಓಡಿಸಲಾರದವನಿಗೆ, ಮೊದಲು ಒಬ್ಬ ಮನುಷ್ಯ ಬೇಕು. ದುಡ್ಡು ಆಮೇಲಿನ ಮಾತು. ನಮ್ಮ ಹವಾಲ್ದಾರ್ ಅಜ್ಜನ ವಿಷಯದಲ್ಲೂ ಹೀಗೇ ಅಲ್ವಾ?

1987ರಲ್ಲಿ ಏನಾಯಿತು

1987ರಲ್ಲಿ ಅಮೆರಿಕ ಸರಕಾರ ಖರ್ಚು ಕಡಿಮೆ ಮಾಡಲು ಬಹಳ ಮಂದಿಯ ಪ್ರಯಾಣ ಭತ್ಯೆಯನ್ನು ನಿಲ್ಲಿಸಿಬಿಟ್ಟಿತು. ಆಸ್ಪತ್ರೆ ತೆರೆದೇ ಇತ್ತು, ಬರುವ ದಾರಿ ಮುಚ್ಚಿತು.

ಆಗ ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್ ಎಂಬ ಸಂಘ ಮುಂದೆ ಬಂತು. ಡಿ.ಎ.ವಿ. ಅಂತ ಚಿಕ್ಕ ಹೆಸರು. (ನಮ್ಮಲ್ಲಿ ಅದೇ ಹೆಸರಿನ ಶಾಲೆಗಳಿವೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.) ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡು ಬಂದವರು 1920ರಲ್ಲಿ ಕಟ್ಟಿಕೊಂಡ ಸಂಘ ಇದು. 1922ರಲ್ಲಿ ಅದರ ರಾಷ್ಟ್ರೀಯ ಸಮಾವೇಶಕ್ಕೆ ಗಾಯಾಳು ಸೈನಿಕರನ್ನು ಕರೆದೊಯ್ಯಲು ಹೆನ್ರಿ ಫೋರ್ಡ್ ತಮ್ಮ ಕಂಪನಿಯ 50 ಮಾಡೆಲ್ ಟಿ ಕಾರುಗಳನ್ನು ಒದಗಿಸಿದ್ದರಂತೆ. ಹಾಗಾಗಿ ಸಂಘಕ್ಕೂ ವಾಹನಕ್ಕೂ ಹಳೆಯ ನಂಟು. 1996ರಿಂದ ಆ ಕಂಪನಿ ಆಸ್ಪತ್ರೆ ಪ್ರಯಾಣಕ್ಕೆಂದೇ ವಾಹನಗಳನ್ನು ದಾನ ಕೊಡುತ್ತಾ ಬಂದಿದೆ.

1987ರಲ್ಲಿ ಸಂಘ ಹಾಕಿಕೊಂಡ ಯೋಜನೆ ತುಂಬಾ ಸರಳ. ಊರೂರಿನ ಸಂಘದ ಘಟಕಗಳು ಚಂದಾ ಎತ್ತಿ ವ್ಯಾನು ಕೊಳ್ಳುತ್ತವೆ. ಕೊಂಡ ವ್ಯಾನನ್ನು ವಿ.ಎ. ಆಸ್ಪತ್ರೆಗೆ ದಾನ ಮಾಡುತ್ತವೆ. ಆಮೇಲೆ ಪೆಟ್ರೋಲು, ವಿಮೆ, ರಿಪೇರಿ ಎಲ್ಲಾ ಆಸ್ಪತ್ರೆಯದು. ಓಡಿಸುವವರು ಸ್ವಯಂಸೇವಕರು, ಸಂಬಳ ಇಲ್ಲ. ಕೂತು ಹೋಗುವವರಿಗೆ ಟಿಕೆಟ್ ಇಲ್ಲ.

ಈ ಹಂಚಿಕೆಯನ್ನು ನಮ್ಮ ಸಂಘಗಳವರು ಎರಡು ಸಲ ಓದಬೇಕು. ವಾಹನ ಕೊಳ್ಳುವುದು ಒಂದು ಸಲದ ಖರ್ಚು. ಊರವರನ್ನು ಕೇಳಿದರೆ ಒಂದು ಸಲಕ್ಕೆ ದುಡ್ಡು ಕೊಡುತ್ತಾರೆ, ಉದ್ಘಾಟನೆಗೆ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಆರನೇ ತಿಂಗಳು ಟೈರು ಸವೆದಾಗ ಯಾರನ್ನು ಕೇಳುವುದು? ಎಷ್ಟು ಸಂಸ್ಥೆಗಳ ಹಿತ್ತಲಲ್ಲಿ ದಾನ ಬಂದ ವಾಹನಗಳು ತುಕ್ಕು ಹಿಡಿದು ನಿಂತಿವೆ, ನಾವೇ ನೋಡಿದ್ದೇವೆ. ಅಮೆರಿಕದವರು ಆ ದಿನನಿತ್ಯದ ಖರ್ಚನ್ನು ಮೊದಲ ದಿನವೇ ಆಸ್ಪತ್ರೆಯ ತಲೆಗೆ ಕಟ್ಟಿದರು. ಯೋಜನೆ ಇಷ್ಟು ವರ್ಷ ಉಳಿದದ್ದು ಇದರಿಂದಲೇ ಅಂತ ನಮ್ಮ ಅಭಿಪ್ರಾಯ.

ಒಂದು ದಿನದ ಓಡಾಟ

ಕೆಲಸ ನಡೆಯುವುದು ಹೀಗೆ. ಆಸ್ಪತ್ರೆಯಲ್ಲಿ ಸಂಘದ ಒಬ್ಬ ಸಂಯೋಜಕ ಇರುತ್ತಾನೆ. ಒಂದು ಮೇಜು, ಒಂದು ಫೋನು. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕ ಕೂಡಲೇ ಮಾಜಿ ಸೈನಿಕ ಅವನಿಗೆ ಫೋನ್ ಮಾಡಬೇಕು, ಕೆಲವು ದಿನ ಮೊದಲೇ. ಯಾವ ಊರು, ಯಾವ ದಿನ, ಎಷ್ಟು ಗಂಟೆಗೆ ಡಾಕ್ಟರು, ನಡೆಯಲಿಕ್ಕೆ ಆಗುತ್ತದಾ ಅಂತ ಸಂಯೋಜಕ ಬರೆದುಕೊಳ್ಳುತ್ತಾನೆ. ಒಂದೇ ದಿಕ್ಕಿನವರನ್ನು ಒಂದೇ ದಿನಕ್ಕೆ ಜೋಡಿಸುತ್ತಾನೆ. ಆ ದಿನಕ್ಕೆ ಬಿಡುವಿರುವ ಚಾಲಕನನ್ನು ಹುಡುಕುತ್ತಾನೆ. ಚಾಲಕ ಸಿಗದಿದ್ದರೆ ಮೊದಲೇ ತಿಳಿಸಬೇಕು, ಇಲ್ಲದಿದ್ದರೆ ರೋಗಿ ಬೆಳಗ್ಗೆ ಕೋಟು ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿರುತ್ತಾನೆ.

ದೂರದ ಮಾರ್ಗದಲ್ಲಿ ವ್ಯಾನು ಬೆಳಕು ಹರಿಯುವ ಮೊದಲೇ ಹೊರಡುತ್ತದೆ. ದಾರಿಯಲ್ಲಿ ಒಬ್ಬೊಬ್ಬರನ್ನು ಹತ್ತಿಸಿಕೊಳ್ಳುತ್ತದೆ. ಹಾಗಾಗಿ ವ್ಯಾನಿನಲ್ಲಿ ಬರುವವರಿಗೆ ಅಪಾಯಿಂಟ್‌ಮೆಂಟ್ ತೀರಾ ಬೆಳಗ್ಗೆಯೂ ಬೇಡ, ಸಂಜೆಯೂ ಬೇಡ, ಹತ್ತರಿಂದ ಎರಡರ ಒಳಗೆ ಇರಲಿ ಅಂತ ಸಾಮಾನ್ಯವಾಗಿ ಕೇಳಿಕೊಳ್ಳುತ್ತಾರೆ. ಕೊನೆಯವನ ಕೆಲಸ ಮುಗಿಯುವ ತನಕ ಎಲ್ಲರೂ ಕಾಯಬೇಕು. ಹತ್ತು ನಿಮಿಷದ ರಕ್ತ ಪರೀಕ್ಷೆಗೆ ಹೋದವನೂ ಇಡೀ ದಿನ ಕಳೆಯುತ್ತಾನೆ. ಇದೊಂದು ದೊಡ್ಡ ಗೊಣಗಾಟ ಅಲ್ಲಿ. ಆದರೆ ಹೋಗದೇ ಇರುವುದಕ್ಕಿಂತ ಇದು ವಾಸಿ.

ಚಾಲಕರಾಗಲು ಬಂದವರನ್ನೆಲ್ಲಾ ಸೇರಿಸಿಕೊಳ್ಳುವುದಿಲ್ಲ. ಲೈಸೆನ್ಸ್ ಸರಿ ಇರಬೇಕು, ಸ್ವಂತ ವಾಹನದ ವಿಮೆ ಇರಬೇಕು, ಹಿಂದಿನ ಅಪಘಾತ, ಕೇಸು ಎಲ್ಲಾ ನೋಡುತ್ತಾರೆ. ಆಸ್ಪತ್ರೆಯಲ್ಲೇ ವೈದ್ಯಕೀಯ ಪರೀಕ್ಷೆ ಆಗಬೇಕು. ಪುಕ್ಕಟೆ ಕೆಲಸಕ್ಕೆ ಇಷ್ಟೊಂದು ಕಾಟ ಯಾಕೆ ಅಂತ ಅನಿಸಬಹುದು. ಕಣ್ಣು ಸರಿಯಿಲ್ಲದ ಒಳ್ಳೆಯ ಮನುಷ್ಯನ ಕೈಗೆ ಏಳು ಜನರ ಜೀವ ಕೊಡಲಿಕ್ಕಾಗುವುದಿಲ್ಲ, ಅದಕ್ಕೆ.

ಚಾಲಕರಲ್ಲಿ ಬಹಳ ಮಂದಿ ತಾವೇ ಮಾಜಿ ಸೈನಿಕರು. ಇದರಿಂದ ಯಾರೂ ಯೋಜನೆಯಲ್ಲಿ ಬರೆದಿರದ ಒಂದು ಲಾಭ ಆಗಿದೆ. ವಿಯೆಟ್ನಾಂ ಯುದ್ಧದಿಂದ ಬಂದು ಮನೆಯಲ್ಲಿ ಹೆಂಡತಿ ಮಕ್ಕಳ ಹತ್ತಿರವೂ ಬಾಯಿ ಬಿಡದವರು ವ್ಯಾನಿನಲ್ಲಿ ಮೂರು ಗಂಟೆ ಪಕ್ಕಪಕ್ಕ ಕೂತಾಗ ಮಾತಾಡುತ್ತಾರೆ. ಪರಸ್ಪರ ಮುಖ ನೋಡಬೇಕಾಗಿಲ್ಲ, ಎಲ್ಲರೂ ರಸ್ತೆ ನೋಡುತ್ತಿರುತ್ತಾರೆ. ನಮ್ಮ ಜೀಪಿನಲ್ಲಿ ಹೆಣ್ಣುಮಕ್ಕಳು ಬ್ಯಾಂಕಿಗೆ ಹೋಗುವಾಗ ಸಭೆಯಲ್ಲಿ ಆಡದ ಮಾತು ಆಡುತ್ತಾರಲ್ಲ, ಹಾಗೇ.

ಎಲ್ಲಿ ಸಾಲದಾಯಿತು

ಎಲ್ಲಾ ಚೆಂದ ಅಂತ ಹೇಳಿದರೆ ಅದು ಪಾಠ ಆಗುವುದಿಲ್ಲ. ಈ ವ್ಯಾನುಗಳಲ್ಲಿ ಹೆಚ್ಚಿನವಕ್ಕೆ ಗಾಲಿಕುರ್ಚಿ ಎತ್ತುವ ಲಿಫ್ಟ್ ಇಲ್ಲ. ತಾನೇ ಹತ್ತಿ ಇಳಿಯಬಲ್ಲವನಿಗೆ ಮಾತ್ರ ಜಾಗ. ಸ್ವಯಂಸೇವಕ ಚಾಲಕನಿಗೆ ರೋಗಿಯನ್ನು ಎತ್ತುವ ತರಬೇತಿಯೂ ಇಲ್ಲ, ಅನುಮತಿಯೂ ಇಲ್ಲ. ಅಂದರೆ ಕಾಲು ಕಳೆದುಕೊಂಡ ಎಷ್ಟೋ ಮಂದಿ ಮತ್ತೆ ಹೊರಗೇ ಉಳಿದರು. ಚಾಲಕರಿಗೂ ವಯಸ್ಸಾಗುತ್ತಾ ಬಂತು, ಹೊಸಬರು ಸಿಗುವುದು ಕಷ್ಟವಾಯಿತು. 2020ರಲ್ಲಿ ಕೊರೋನಾ ಬಂದಾಗ ವ್ಯಾನುಗಳ ಓಡಾಟವನ್ನೇ ನಿಲ್ಲಿಸಬೇಕಾಯಿತು. ಓಡಿಸುವವರೂ ಕೂತು ಹೋಗುವವರೂ ವಯಸ್ಸಾದವರೇ.

ಸರಕಾರ ನಿಧಾನವಾಗಿ ಕಲಿಯಿತು. 2010ರಲ್ಲಿ ವಿ.ಎ. ತನ್ನದೇ ಪ್ರಯಾಣ ಸೇವೆ ಶುರು ಮಾಡಿತು. ಸಂಬಳದ ಚಾಲಕರು, ಲಿಫ್ಟ್ ಇರುವ ವ್ಯಾನುಗಳು. ಇದಕ್ಕೆ ಕಾನೂನಿನ ಬಲ ಸಿಕ್ಕಿದ್ದು 2013ರ ಜನವರಿಯಲ್ಲಿ. ಸ್ವಯಂಸೇವಕರ ವ್ಯಾನನ್ನು ಇದು ತೆಗೆದುಹಾಕಲಿಲ್ಲ, ಎರಡೂ ಜೊತೆಯಲ್ಲಿ ನಡೆದವು. ನಡೆಯಬಲ್ಲವರಿಗೆ ಅದು, ನಡೆಯಲಾರದವರಿಗೆ ಇದು.

ಇನ್ನೊಂದು ಯೋಜನೆ 2010ರ ಕಾನೂನಿನಿಂದ ಬಂತು. ಚದರ ಮೈಲಿಗೆ ಏಳು ಜನಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ ಮಾಜಿ ಸೈನಿಕರನ್ನು ಆಸ್ಪತ್ರೆಗೆ ಕರೆದೊಯ್ಯುವ ಸಂಘಗಳಿಗೆ ಜಿಲ್ಲೆಯೊಂದಕ್ಕೆ 50,000 ಡಾಲರ್ ತನಕ ಅನುದಾನ. ಸಂಘ ತನ್ನ ಪಾಲು ಹಾಕಬೇಕಾಗಿಲ್ಲ, ಆದರೆ ಸೈನಿಕರಿಂದ ಒಂದು ಪೈಸೆ ತೆಗೆದುಕೊಳ್ಳಬಾರದು. ಚದರ ಮೈಲಿಗೆ ಏಳು ಅಂದರೆ ಚದರ ಕಿಲೋಮೀಟರಿಗೆ ಮೂರು ಜನವೂ ಇಲ್ಲ. 2011ರ ಗಣತಿಯಲ್ಲಿ ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 319 ಜನ, ನಮ್ಮ ರಾಜ್ಯದಲ್ಲೇ ಅತಿ ಕಡಿಮೆ ಇರುವ ಕೊಡಗಿನಲ್ಲಿ 135. ಹಾಗೆ ನೋಡಿದರೆ ನಮ್ಮ ಕೆಲಸ ಅವರಿಗಿಂತ ಸುಲಭ. ಒಂದು ಜೀಪು ಹತ್ತು ಕಿಲೋಮೀಟರ್ ಓಡುವುದರೊಳಗೆ ತುಂಬುತ್ತದೆ.

ಮತ್ತೊಂದು ಬದಲಾವಣೆ ಒಂದು ಹಗರಣದಿಂದ ಬಂತು. 2014ರಲ್ಲಿ ಫೀನಿಕ್ಸ್ ನಗರದ ವಿ.ಎ. ಆಸ್ಪತ್ರೆಯಲ್ಲಿ ರೋಗಿಗಳು ತಿಂಗಳುಗಟ್ಟಲೆ ಕಾಯುತ್ತಿದ್ದದ್ದನ್ನು ದಾಖಲೆಯಲ್ಲಿ ಮುಚ್ಚಿಟ್ಟ ಸಂಗತಿ ಹೊರಬಿತ್ತು. ಇಲಾಖೆಯ ಮಂತ್ರಿ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಬಂದ ಕಾನೂನು, ವಿ.ಎ. ಆಸ್ಪತ್ರೆ 40 ಮೈಲಿಗಿಂತ ದೂರ ಇದ್ದರೆ ಅಥವಾ 30 ದಿನಕ್ಕಿಂತ ಹೆಚ್ಚು ಕಾಯಬೇಕಾದರೆ ಹತ್ತಿರದ ಖಾಸಗಿ ವೈದ್ಯರಲ್ಲಿ ತೋರಿಸಬಹುದು, ಖರ್ಚು ಸರಕಾರದ್ದು ಅಂದಿತು. 2018ರ ಕಾನೂನು ಇನ್ನೂ ಮುಂದೆ ಹೋಯಿತು. ಅದರಡಿ 2019ರ ಜೂನ್ 6ರಿಂದ ಅಳತೆ ಮೈಲಿಯಲ್ಲಿ ಅಲ್ಲ, ನಿಮಿಷದಲ್ಲಿ. ಸಾಮಾನ್ಯ ವೈದ್ಯರ ಬಳಿಗೆ, ಮಾನಸಿಕ ಆರೋಗ್ಯದ ಚಿಕಿತ್ಸೆಗೆ 30 ನಿಮಿಷಕ್ಕಿಂತ ಹೆಚ್ಚು ಪ್ರಯಾಣ ಇದ್ದರೆ, ತಜ್ಞರ ಬಳಿಗೆ 60 ನಿಮಿಷಕ್ಕಿಂತ ಹೆಚ್ಚಿದ್ದರೆ, ಹೊರಗೆ ತೋರಿಸಬಹುದು.

ನಿಮಿಷದ ಅಳತೆ ಬಹಳ ಸರಿಯಾದದ್ದು ಅಂತ ಬೆಟ್ಟದ ಜಿಲ್ಲೆಯವರಾದ ನಮಗೆ ಅನಿಸುತ್ತದೆ. ಮೈದಾನದ 20 ಕಿಲೋಮೀಟರೂ ಮಳೆಗಾಲದ ಘಟ್ಟದ 20 ಕಿಲೋಮೀಟರೂ ಒಂದೇ ಏನು? ನಕ್ಷೆಯಲ್ಲಿ ಒಂದೇ.

ನಮ್ಮ ಕಡೆ ಏನಿದೆ

ಈಗ ನಮ್ಮ ಊರಿಗೆ ಬರೋಣ. ನಮ್ಮ ದೇಶದಲ್ಲಿ ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ಇದೆ, 2003ರ ಏಪ್ರಿಲ್‌ನಿಂದ ನಡೆಯುತ್ತಿದೆ. ದೇಶದಲ್ಲಿ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್ಕುಗಳಿವೆ. ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಮಡಿಕೇರಿ ಮುಂತಾದ ಕಡೆ ನಮ್ಮ ರಾಜ್ಯದಲ್ಲೂ ಇವೆ. ಕಾರ್ಡ್ ತೋರಿಸಿದರೆ ತಪಾಸಣೆ, ಔಷಧಿ ಸಿಗುತ್ತದೆ. ದೊಡ್ಡ ಚಿಕಿತ್ಸೆಗೆ ಪಾಲಿಕ್ಲಿನಿಕ್ಕಿನಿಂದ ಚೀಟಿ ತೆಗೆದುಕೊಂಡು ಒಪ್ಪಂದ ಇರುವ ಆಸ್ಪತ್ರೆಗೆ ಹೋಗಬೇಕು. ಅವಲಂಬಿತರಿಗೂ ಇದೆ. ಮುಖ್ಯವಾಗಿ, ಕುಟುಂಬ ಪಿಂಚಣಿ ಪಡೆಯುವ ವಿಧವೆಯರಿಗೂ ಇದೆ. ಗಂಡ ಹೋದ ಮೇಲೆ ಕಾರ್ಡೂ ಹೋಯಿತು ಅಂತ ತಿಳಿದುಕೊಂಡ ಅಮ್ಮಂದಿರನ್ನು ನಾವು ನೋಡಿದ್ದೇವೆ. ದಯವಿಟ್ಟು ನಿಮ್ಮ ಸಂಘದಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಿ.

ಚೀಟಿ ಇಲ್ಲಿ, ಆಸ್ಪತ್ರೆ ಅಲ್ಲಿ, ಔಷಧಿ ಮತ್ತೆ ಇಲ್ಲಿ. ಒಂದು ಕಾಯಿಲೆಗೆ ಮೂರು ಪ್ರಯಾಣ. ಡಯಾಲಿಸಿಸ್ ಆದರೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ.

"108 ಇದೆಯಲ್ಲ" ಅಂತ ಯಾರಾದರೂ ಹೇಳುತ್ತಾರೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಶುರುವಾದ ಆರೋಗ್ಯ ಕವಚ ಎಷ್ಟೋ ಜೀವ ಉಳಿಸಿದೆ. ಆದರೆ ಅದು ತುರ್ತಿಗೆ ಮಾತ್ರ. ಡ್ರೆಸ್ಸಿಂಗಿಗೆ, ತಿಂಗಳ ತಪಾಸಣೆಗೆ ಕರೆದರೆ ಬರುವುದಿಲ್ಲ, ಬರಲೂಬಾರದು. ಆ ಹೊತ್ತಿಗೆ ಇನ್ನೊಬ್ಬರಿಗೆ ಹೃದಯಾಘಾತ ಆಗಿರಬಹುದು. ಹೆರಿಗೆಯಾದ ತಾಯಿ ಮಗುವನ್ನು ಸರಕಾರಿ ಆಸ್ಪತ್ರೆಯಿಂದ ಮನೆಗೆ ಬಿಡಲು 'ನಗು-ಮಗು' ಇದೆ. ವಾಪಸು ಬರುವುದೂ ಚಿಕಿತ್ಸೆಯ ಭಾಗ ಅಂತ ಸರಕಾರ ಒಪ್ಪಿದ ಹಾಗಾಯಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಇದರ ಒಂದು ಪರಿಣಾಮ ನಮಗೆ ನಗು ತರಿಸಿತು. ಕೆಲವು ಮನೆಗಳಲ್ಲಿ ಈಗ ಪೇಟೆಯ ಕೆಲಸಕ್ಕೆಲ್ಲಾ ಅಜ್ಜಿಯೇ ಹೊರಡುತ್ತಾರೆ, ಅಜ್ಜ ಜಗಲಿಯಲ್ಲಿ ಕಾಯುತ್ತಾರೆ. ಔಷಧಿಗಾದರೆ ಸರಿ. ಕಾಲಿನ ಗಾಯವನ್ನು ಅಜ್ಜಿ ಬಸ್ಸಿನಲ್ಲಿ ತೆಗೆದುಕೊಂಡು ಹೋಗಲಿಕ್ಕಾಗುವುದಿಲ್ಲವಲ್ಲ!

ನಾವು ಶುರು ಮಾಡಿದ್ದು

ವ್ಯಾನು ಕೊಳ್ಳುವ ಶಕ್ತಿ ನಮಗಿಲ್ಲ. ಅಮೆರಿಕದ ಯೋಜನೆಯಿಂದ ನಾವು ತೆಗೆದುಕೊಂಡದ್ದು ಆ ಮೇಜು ಮತ್ತು ಫೋನನ್ನು. ಕಚೇರಿಯಲ್ಲಿ ಒಂದು ನೋಟ್‌ಬುಕ್ ಇಟ್ಟೆವು. ಒಂದು ಕಡೆ ಯಾರು, ಯಾವ ದಿನ, ಯಾವ ಆಸ್ಪತ್ರೆಗೆ ಹೋಗಬೇಕು. ಎದುರು ಪುಟದಲ್ಲಿ ಯಾವ ವಾಹನ ಯಾವ ದಿನ ಆ ಕಡೆ ಹೋಗುತ್ತದೆ. ನಮ್ಮ ಜೀಪು, ತೋಟದ ಒಬ್ಬರ ಪಿಕಪ್, ಇಬ್ಬರು ಶಿಕ್ಷಕರ ಕಾರು. ಬರೆದು ನೋಡಿದರೆ ವಾರದಲ್ಲಿ ಒಂಬತ್ತು ಸಲ ಪೇಟೆಗೆ ಖಾಲಿ ಸೀಟು ಹೋಗುತ್ತಿತ್ತು. ಪಿಕಪ್ಪಿನಲ್ಲಿ ಚಾಲಕನ ಪಕ್ಕದ ಸೀಟು ಮಾತ್ರ ಲೆಕ್ಕ, ಹಿಂದೆ ಸಾಮಾನಿನ ಜೊತೆ ಯಾರನ್ನೂ ಕೂರಿಸುವುದಿಲ್ಲ.

ಎರಡು ವಿಷಯದಲ್ಲಿ ಎಚ್ಚರ ಬೇಕು. ಬಿಳಿ ಬೋರ್ಡಿನ ಖಾಸಗಿ ವಾಹನದಲ್ಲಿ ಬಾಡಿಗೆ ತೆಗೆದುಕೊಂಡು ಜನರನ್ನು ಕರೆದೊಯ್ಯುವುದು ಕಾನೂನಿಗೆ ವಿರುದ್ಧ. ಹಾಗಾಗಿ ಯಾರೂ ಯಾರಿಂದಲೂ ದುಡ್ಡು ಪಡೆಯುವುದಿಲ್ಲ ಅಂತ ಮೊದಲೇ ಮಾತಾಡಿಕೊಂಡೆವು. ಬಾಳೆಗೊನೆ ಕೊಟ್ಟರೆ ಬೇಡ ಅನ್ನುವುದು ಕಷ್ಟ, ಅದಿರಲಿ. ಎರಡನೆಯದು ವಿಮೆ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಾರಿನ ಒಳಗೆ ಕೂತವರಿಗೆ ಪೆಟ್ಟಾದಾಗ ಪರಿಹಾರ ಸಿಗುವುದು ಕಷ್ಟ. ಒಳಗೆ ಕೂತವರಿಗೂ ರಕ್ಷಣೆ ಕೊಡುವ ಪಾಲಿಸಿ ಇರುವ ವಾಹನಗಳನ್ನೇ ಪುಸ್ತಕಕ್ಕೆ ಸೇರಿಸಿದೆವು. ಒಬ್ಬರು ಬೇಸರ ಮಾಡಿಕೊಂಡರು, ಆಮೇಲೆ ಪಾಲಿಸಿ ಬದಲಾಯಿಸಿಕೊಂಡು ಬಂದರು.

ನಡೆಯಲಾರದವರ ಪ್ರಶ್ನೆ ಹಾಗೇ ಉಳಿದಿದೆ. ಜೀಪಿನ ಮೆಟ್ಟಿಲು ಎತ್ತರ. ಹವಾಲ್ದಾರ್ ಅಜ್ಜನನ್ನೇ ಇಬ್ಬರು ಹಿಡಿದು ಹತ್ತಿಸಬೇಕು. ಒಂದು ಮರದ ಮೆಟ್ಟಿಲು ಮಾಡಿಸಿದ್ದೇವೆ, ಆದರೆ ಪಾರ್ಶ್ವವಾಯು ಆದವರಿಗೆ ಅದು ಸಾಲದು. ಇದಕ್ಕೆ ಯಾರಲ್ಲಾದರೂ ಉಪಾಯ ಇದ್ದರೆ ಬರೆಯಿರಿ.

ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘದವರೂ ತಮ್ಮ ಊರಿನ ಮಾಜಿ ಸೈನಿಕರ ಮನೆಗೊಮ್ಮೆ ಹೋಗಿ ಬನ್ನಿ. ವಿಧವೆಯರ ಮನೆಗೂ ಹೋಗಿ. ಕಾರ್ಡ್ ಇದೆಯಾ ಅಂತ ಮಾತ್ರ ಕೇಳಬೇಡಿ, ಕಳೆದ ಸಲ ಹೇಗೆ ಹೋದಿರಿ, ಎಷ್ಟು ಖರ್ಚಾಯಿತು, ಯಾವ ಸಲ ಹೋಗಲಿಲ್ಲ, ಯಾಕೆ ಅಂತ ಕೇಳಿ. ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ನೀವೇ ಒಮ್ಮೆ ನಡೆದು ನೋಡಿ, ಎಷ್ಟು ನಿಮಿಷ ಬೇಕಾಯಿತು ಅಂತ ಬರೆದುಕೊಳ್ಳಿ. ಮಳೆ ಬರುವ ದಿನ ನಡೆದರೆ ಇನ್ನೂ ಒಳ್ಳೆಯದು. ಪೇಟೆಗೆ ದಿನವೂ ಹೋಗುವ ಹಾಲಿನ ವಾಹನ, ಶಾಲೆಯ ವಾಹನ, ತೋಟದ ವಾಹನ ಯಾವುದಿದೆ ಅಂತಲೂ ಗುರುತು ಮಾಡಿ. ಇತರ ಹಿರಿಯರ ಮನೆಗಳಲ್ಲೂ ಇದೇ ಮಾತು ಬರುತ್ತದೆ, ಅದನ್ನೂ ಬರೆಯಿರಿ, ಪುಸ್ತಕದಲ್ಲಿ ಜಾಗ ಇದೆ.

ಅಜ್ಜ ಈಗ ಶುಕ್ರವಾರ ಬೆಳಗ್ಗೆ ಏಳೂವರೆಗೆ ಜಗಲಿಯಲ್ಲಿ ಶೂ ಹಾಕಿಕೊಂಡು ಕೂತಿರುತ್ತಾರೆ. ಜೀಪು ಐದು ನಿಮಿಷ ತಡವಾದರೆ ಬೈಯುತ್ತಾರೆ.